ಸಾಲದೆ ಹೋದ ಚಳಿ

ಕಾಡಿನ ಸಂಶೋಧನಾ ಕೇಂದ್ರದಲ್ಲಿ ಅವಳ ನಿಜವಾದ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿದಿತ್ತು. ಗೇಟಿನ ಕಾವಲುಗಾರನಿಂದ ಹಿಡಿದು ವಿಜ್ಞಾನಿ ಡಾಕ್ಟರಮ್ಮನವರೆಗೆ ಎಲ್ಲರಿಗೂ ಅವಳು ಹುಳದಕ್ಕ. ಇಪ್ಪತ್ತೆರಡು ವರ್ಷಗಳಿಂದ ಕೀಟದ ಕೋಣೆ ಅವಳ ಕೈಯಲ್ಲಿತ್ತು. ಪೈನ್ ಮರಗಳ ಎಲೆಯನ್ನು ಬೋಳಿಸಿ ತಿನ್ನುವ ಹುಳವೊಂದಿದೆ. ಚಳಿ ಶುರುವಾಗುವ ಮುಂಚೆ ಅದು ಮರದಿಂದಿಳಿದು ಮಣ್ಣು ಹೊಕ್ಕು, ಕಂದು ಬಣ್ಣದ ಕೋಶವಾಗಿ, ಚಳಿಗಾಲ ಕಳೆಯುವವರೆಗೂ ನಿದ್ದೆ ಹೊಡೆಯುತ್ತದೆ. ಆ ಕೋಶಗಳನ್ನು ಹೆಕ್ಕಿ ತಂದು, ತಟ್ಟೆಗಳಲ್ಲಿ ಒದ್ದೆ ಮರಳು ಹಾಸಿ ಮಲಗಿಸಿ, ಜಾಲರಿ ಹೊಡೆದ ಜಗಲಿಯಲ್ಲಿ ಚಳಿಗೆ ಬಿಟ್ಟು, ಫೆಬ್ರವರಿ ಹತ್ತಕ್ಕೆ ಸರಿಯಾಗಿ ಬೆಚ್ಚನೆಯ ಕೋಣೆಗೆ ಸಾಗಿಸುವುದು ಅವಳ ಕೆಲಸ. ಮೂರು ವಾರಕ್ಕೆಲ್ಲ ಪತಂಗಗಳು ಹೊರಬರುತ್ತಿದ್ದವು. ಮೊದಲ ಪತಂಗದ ಸುದ್ದಿ ಹೋದಮೇಲೆಯೇ ಅರಣ್ಯ ಇಲಾಖೆಯವರು ಪತಂಗ ಹಿಡಿಯಲು ಮರಗಳಿಗೆ ಅಂಟುಬಲೆ ಕಟ್ಟುತ್ತಿದ್ದದ್ದು.

ಈ ಸಲ ಚಳಿಗಾಲ ಬಂದದ್ದು ಹೆಸರಿಗೆ ಮಾತ್ರ. ಸ್ವೆಟರುಗಳ ಗಂಟು ಬಿಚ್ಚುವ ಪ್ರಮೇಯವೇ ಬರಲಿಲ್ಲ. ಆದರೂ ಹುಳದಕ್ಕ ಫೆಬ್ರವರಿ ಹತ್ತಕ್ಕೇ ತಟ್ಟೆಗಳನ್ನು ಒಳಗೆ ತಂದಳು. ಈಗ ಆರು ವಾರ ಕಳೆದಿತ್ತು. ಇನ್ನೂರು ಕೋಶಗಳಲ್ಲಿ ಎದ್ದದ್ದು ಹದಿನಾಲ್ಕು. ಅವುಗಳಲ್ಲೂ ಕೆಲವಕ್ಕೆ ಮುದುಡಿದ ರೆಕ್ಕೆ. ಅವಳು ಹೀಟರಿನ ತಿರುಪು ಒಂದೊಂದೇ ಗೆರೆ ಏರಿಸಿದಳು. ಅದೂ ಸಾಲದೆಂದು ತಟ್ಟೆಗಳ ಮೇಲೊಂದು ಬಲ್ಬು ತೂಗುಹಾಕಿದಳು. ಬಲ್ಬು ಉರಿದದ್ದೇ ಬಂತು.

ಮನೆಯಲ್ಲಿಯೂ ಅವಳಿಗೆ ಇಂಥದೇ ಒಂದು ಉಸ್ತುವಾರಿಯಿತ್ತು. ತಂಗಿ ಪುಟ್ಟಿ. ನಲವತ್ತಮೂರು ತುಂಬಿದರೂ ಅಕ್ಕನ ಬಾಯಲ್ಲಿ ಪುಟ್ಟಿಯೇ. ಪುಟ್ಟಿಯೂ ಅವಳ ಗಂಡನೂ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಪುಸ್ತಕಗಳಿಗೆ ಬೈಂಡ್ ಹಾಕುತ್ತಿದ್ದರು. ಅವನು ಕತ್ತರಿಸುವುದು, ಇವಳು ಹೊಲಿಯುವುದು. ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ರಟ್ಟು ಕತ್ತರಿಸುತ್ತ ಹಾಗೇ ಮೇಜಿನ ಮೇಲೆ ಒರಗಿದವನು ಮತ್ತೆ ಏಳಲಿಲ್ಲ. ಆ ವಾರವೇ ಹುಳದಕ್ಕ ತಂಗಿಯನ್ನು ಕರೆತಂದು, ಆ ಮನೆಗೆ ಬೀಗ ಜಡಿದು, ಕೀಲಿಯನ್ನು ತನ್ನ ಕೈಚೀಲದ ಒಳಜೇಬಿಗೆ ಹಾಕಿಕೊಂಡಳು. ಒಬ್ಬಳೇ ಬಿಟ್ಟರೆ ಕೊರಗಿ ಕೊರಗಿ ಹಾಸಿಗೆ ಹಿಡಿಯುತ್ತಾಳೆ ಎಂಬ ಭಯ ಅವಳಿಗೆ.

ಅಂದಿನಿಂದ ಪುಟ್ಟಿಗೆ ಒಂದು ಗಳಿಗೆ ಬಿಡುವಿರಲಿಲ್ಲ. ಸೋಮವಾರ ಚಿತ್ರಕಲೆ, ಬುಧವಾರ ಕಂಪ್ಯೂಟರ್, ಉಳಿದ ದಿನ ನೆರೆಮನೆಯವರ ಹರಟೆ. ಟಿವಿಗೆ ಬಾಯಿ ಮುಚ್ಚುವ ಹಕ್ಕೇ ಇರಲಿಲ್ಲ. ಪುಟ್ಟಿ ಹೇಳಿದಲ್ಲಿಗೆ ಹೋಗುತ್ತಿದ್ದಳು, ನಗಬೇಕಾದಲ್ಲಿ ನಗುತ್ತಿದ್ದಳು. ಹತ್ತು ತಿಂಗಳಲ್ಲಿ ಒಮ್ಮೆಯೂ ಅತ್ತಿರಲಿಲ್ಲ. ಸೂಜಿ ಮುಟ್ಟಿರಲಿಲ್ಲ. ತಿಂಗಳಿಗೊಮ್ಮೆ ಮಾತ್ರ, ತರಕಾರಿಗೆ ಚೀಲ ಕೇಳುವಷ್ಟೇ ಸಾಧಾರಣವಾಗಿ ಕೇಳುತ್ತಿದ್ದಳು.

"ಅಕ್ಕ, ನನ್ನ ಮನೆ ಕೀಲಿ ಕೊಡೇ."

"ಕೊಡ್ತೀನಿ ಕಣೆ, ಸ್ವಲ್ಪ ಸುಧಾರಿಸ್ಕೋ."

ಆ ಶುಕ್ರವಾರ ಬೆಳಿಗ್ಗೆಯೂ ಕೇಳಿದಳು. ಅಕ್ಕ ಅದೇ ಉತ್ತರ ಕೊಟ್ಟಳು. ಚಹಾ ಕುಡಿಯುತ್ತಿದ್ದ ಹುಳದಕ್ಕನ ಗಂಡ ಪೇಪರಿನ ಹಿಂದಿನಿಂದಲೇ ಅಂದ:

"ಸುಧಾರಿಸ್ಕೊಳ್ಳೋಕೆ ನೀನೆಲ್ಲಿ ಬಿಡ್ತೀಯ? ನನಗೇ ಸುಸ್ತಾಗ್ತಿದೆ, ಅವಳ ಟೈಮ್‌ಟೇಬಲ್ ನೋಡಿ."

"ನೀವು ಸುಮ್ನೆ ಚಹಾ ಕುಡೀರಿ. ಒಬ್ಬಳೇ ಬಿಟ್ಟು ಏನಾದ್ರೂ ಆದ್ರೆ ನೀವು ಬರ್ತೀರಾ?" ಎಂದು ಹುಳದಕ್ಕ ಚೀಲ ಹೆಗಲಿಗೇರಿಸಿದಳು.

ಕೇಂದ್ರದಲ್ಲಿ ಡಾಕ್ಟರಮ್ಮ ಬಾಗಿಲಲ್ಲೇ ನಿಂತಿದ್ದಳು. ಮಗಳ ವಯಸ್ಸಿನವಳು, ಮಾತು ಚುರುಕು.

"ಹುಳದಕ್ಕ, ಇವತ್ತು ತಟ್ಟೆ ಖಾಲಿ ಮಾಡಿಬಿಡಿ. ಆರು ವಾರ ಆಯ್ತು, ಸತ್ತಿವೆ. ಇನ್ನೆಷ್ಟು ದಿನ ಜೋಗುಳ ಹಾಡ್ತೀರಿ?"

ಹುಳದಕ್ಕ ಬಕೀಟು ತಂದು, ಮೊದಲ ತಟ್ಟೆಯ ಒಂದು ಕೋಶವನ್ನು ಅಂಗೈಗೆ ಹಾಕಿಕೊಂಡಳು. ಬಕೀಟಿಗೆ ಬಿಡಬೇಕಿದ್ದ ಕೈ ಹಾಗೇ ನಿಂತಿತು. ಸತ್ತ ಕೋಶ ಅಂಗೈಗೆ ಗೊತ್ತಾಗುತ್ತದೆ. ಒಣಗಿದ ಬೀಜದ ಸಿಪ್ಪೆಯಂತೆ ಹಗುರ. ಇದು ಭಾರವಿತ್ತು. ಕುಂಚದ ತುದಿಯಿಂದ ಮೆಲ್ಲಗೆ ಸವರಿದಳು. ಕೋಶದ ಚೂಪು ಬಾಲ ನಿಧಾನವಾಗಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿತು, ಬೆಳಗಿನ ಜಾವ ಎಬ್ಬಿಸಿದರೆ ಮಗು 'ಊಹೂಂ' ಎನ್ನುವ ಹಾಗೆ.

"ಡಾಕ್ಟರಮ್ಮ! ಬನ್ನಿ ಇಲ್ಲಿ. ಸತ್ತಿಲ್ಲ ಇವು, ಸಿಟ್ಟು ಮಾಡ್ಕೊಂಡಿವೆ!"

ಇಬ್ಬರೂ ಕೂತು ಒಂದೊಂದನ್ನೇ ಮುಟ್ಟಿ ನೋಡಿದರು. ಉಳಿದ ನೂರ ಎಂಬತ್ತಾರರಲ್ಲಿ ನೂರ ಎಪ್ಪತ್ತಕ್ಕೆ ಜೀವವಿತ್ತು. ಡಾಕ್ಟರಮ್ಮ ಎದ್ದು ಹೋಗಿ ಜಗಲಿಯ ಉಷ್ಣಮಾಪಕದ ಪುಸ್ತಕ ತಂದು ಬೆರಳಿಟ್ಟು ಎಣಿಸಿದಳು. ಎಣಿಸುತ್ತ ಎಣಿಸುತ್ತ ಅವಳ ಮುಖ ಸಣ್ಣಗಾಯಿತು.

"ಪ್ರತಿವರ್ಷ ತೊಂಬತ್ತು ದಿನ ಗಟ್ಟಿ ಚಳಿ ಸಿಗ್ತಿತ್ತು. ಈ ಸಲ ಐವತ್ತೆರಡು. ನಾವು ತಾರೀಖು ನೋಡಿದ್ವಿ, ಚಳಿ ನೋಡಲಿಲ್ಲ."

"ಬೆಚ್ಚಗಿದ್ರೆ ಬೇಗ ಏಳ್ತಾವೆ ಅಲ್ವಾ? ಅದಕ್ಕೇ ಬಲ್ಬು ಹಾಕಿದ್ದು ನಾನು."

"ಎಲ್ಲರೂ ಹಾಗೇ ಅಂದ್ಕೊಳ್ಳೋದು. ಇವಕ್ಕೆ ಮೊದಲು ಚಳಿ ಹೊಟ್ಟೆ ತುಂಬಾ ಸಿಗಬೇಕು. ಅದು ಮುಗಿದ ಮೇಲೇ ಬಿಸಿ ಕೆಲಸ ಮಾಡೋದು. ಅರ್ಧಕ್ಕೇ ಬೆಚ್ಚಗೆ ಮಾಡಿದ್ರೆ ನಿದ್ದೆಯೂ ಇಲ್ಲ, ಎಚ್ಚರವೂ ಇಲ್ಲ. ತಪ್ಪು ನಿಮ್ದಲ್ಲ ಬಿಡಿ, ಖಾಲಿ ಮಾಡಿ ಅಂದವಳು ನಾನು. ಶೀತದ ಪೆಟ್ಟಿಗೆಗೆ ಹಾಕಿ, ಬಾಕಿ ಚಳಿ ಕೊಟ್ಟು ನೋಡೋಣ. ಕಾಡಿನಲ್ಲೂ ಇದೇ ಕಥೆ ಇರಬೇಕು, ಒಂದು ಈಗ, ಇನ್ನೊಂದು ಆಮೇಲೆ ಅಂತ ಏಳ್ತಾ ಇರ್ತಾವೆ. ಬಲೆ ಬಿಚ್ಚಬೇಡಿ ಅಂತ ಫೋನ್ ಮಾಡ್ತೀನಿ."

ಹುಳದಕ್ಕ ಬಲ್ಬು ಆರಿಸಿದಳು. ಬಿಚ್ಚಲು ಹೋದ ಬೆರಳಿಗೆ ಅದರ ಗಾಜು ಇನ್ನೂ ಸುಡುತ್ತಿತ್ತು. ಇಷ್ಟು ದಿನ ಇದನ್ನೇ ಪ್ರೀತಿ ಅಂದುಕೊಂಡಿದ್ದೆನಲ್ಲ ಎನ್ನಿಸಿ, ಸುಟ್ಟ ಬೆರಳಿಗೆ ಉಫ್ ಎಂದು ಗಾಳಿ ಊದುತ್ತ ತಟ್ಟೆಗಳನ್ನು ಶೀತದ ಪೆಟ್ಟಿಗೆಗೆ ಸಾಗಿಸಿದಳು.

ಸಂಜೆ ಊಟಕ್ಕೆ ಕೂತಾಗ, ದಿನವೂ ಹೇಳುವಂತೆ, ಹುಳಗಳ ಸುದ್ದಿ ಹೇಳಿದಳು. ಚಳಿ ಸಾಲದೆ ಏಳದಿದ್ದವು ಬಕೀಟಿನವರೆಗೆ ಹೋಗಿ ಬದುಕಿ ಬಂದದ್ದು ಕೇಳಿ ಗಂಡ ನಕ್ಕ. ಪುಟ್ಟಿ ನಗಲಿಲ್ಲ. ಅನ್ನ ಕಲೆಸುತ್ತಿದ್ದ ಅವಳ ಕೈ ನಿಂತಿತ್ತು.

"ಪಾಪ," ಅಂದಳು. "ಅವಕ್ಕೆ ಬಾಯಿದ್ದಿದ್ರೆ ಇನ್ನಷ್ಟು ಚಳಿ ಬೇಕು ಅಂತ ಕೇಳ್ತಿದ್ವೇನೋ."

ಹುಳದಕ್ಕ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಳಿಸಿದಳು. ಬಾಯಿದ್ದವಳೇ ಕೇಳುತ್ತಿದ್ದಳಲ್ಲ, ತಿಂಗಳಿಗೊಮ್ಮೆ. ಎದ್ದು ಕೈತೊಳೆದು, ಟಿವಿ ಆರಿಸಿದಳು. ಮನೆಯಲ್ಲಿ ಫ್ಯಾನಿನ ಸದ್ದು ಕೇಳಿಸಿತು. ಕೈಚೀಲದ ಒಳಜೇಬಿನಿಂದ ಕೀಲಿ ತೆಗೆದು ತಂಗಿಯ ತಟ್ಟೆಯ ಪಕ್ಕ ಇಟ್ಟಳು.

ಪುಟ್ಟಿ ಕೀಲಿಯನ್ನೇ ನೋಡಿದಳು. ಎಡಗೈಯಲ್ಲಿ ಎತ್ತಿ ಮುಷ್ಟಿ ಬಿಗಿಹಿಡಿದಳು.

"ಅಲ್ಲಿ ಅಳ್ತೀನಿ ಅಕ್ಕ," ಅಂದಳು. "ಇಲ್ಲಿ ಅತ್ರೆ ನೀನು ತಕ್ಷಣ ಯಾವುದೋ ಕ್ಲಾಸಿಗೆ ಸೇರಿಸ್ತೀಯ."

ಗಂಡ ಬಿದ್ದು ಬಿದ್ದು ನಕ್ಕ. ಹುಳದಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯದೆ ಎರಡೂ ಆಯಿತು.

"ಯಾವಾಗ ಬರ್ತೀಯ ಅಂತ ಕೇಳಲ್ಲ. ಆದ್ರೆ ಪುಟ್ಟಿ, ನನಗೆ ಭಯ ಆಗುತ್ತೆ ಕಣೆ."

"ಗೊತ್ತು. ದಿನಾ ಬೆಳಿಗ್ಗೆ ಒಂದು ರಿಂಗ್ ಕೊಟ್ಟು ಕಟ್ ಮಾಡ್ತೀನಿ. ನೀನು ತಿರುಗಿ ಮಾಡಬಾರದು. ನಿನ್ನ ಹುಳ ಬಾಲ ಅಲ್ಲಾಡಿಸ್ತು ಅಂದ್ಕೋ."

ಮರುದಿನ ಅಕ್ಕನೇ ತಂಗಿಯನ್ನು ಬಸ್ಸು ಹತ್ತಿಸಿದಳು. ಜೊತೆಗೆ ಒಂದು ಕಂಬಳಿ ಕೊಡಲು ಹೋಗಿ, ಏನೋ ನೆನಪಾದವಳಂತೆ ವಾಪಸು ಮಡಚಿಕೊಂಡಳು. ಪುಟ್ಟಿಯೇ ಕಿಟಕಿಯಿಂದ ಕೈಚಾಚಿ, "ಅದನ್ನು ಕೊಡೇ, ಚಳಿ ಬೇಕು ಅಂದ್ರೆ ಅಷ್ಟೊಂದಲ್ಲ," ಎಂದು ಕಸಿದುಕೊಂಡಳು.

ಸೋಮವಾರ ಬೆಳಿಗ್ಗೆ ಹುಳದಕ್ಕ ಶೀತದ ಪೆಟ್ಟಿಗೆಯ ಬಾಗಿಲು ತೆರೆದು ತಟ್ಟೆಗಳನ್ನು ನೋಡುತ್ತಿದ್ದಾಗ ಜೇಬಿನಲ್ಲಿ ಫೋನ್ ಒಮ್ಮೆ ಗುಂಯ್‌ಗುಟ್ಟಿ ನಿಂತಿತು. ಹೊರತೆಗೆದು ನೋಡಿದಳು; ಹೆಬ್ಬೆರಳು ತಂಗಿಯ ಹೆಸರಿನ ಮೇಲೆಯೇ ತೂಗಿತು. ಉಂಡಳೋ ಇಲ್ಲವೋ, ಅತ್ತಳೋ, ರಟ್ಟು ಕತ್ತರಿಸುವ ಆ ಮೇಜನ್ನು ನೋಡಿದಳೋ. ಕೇಳಬೇಕಾದದ್ದು ಬೆಟ್ಟದಷ್ಟಿತ್ತು.

ಅವಳು ಫೋನನ್ನು ಜೇಬಿಗೆ ಹಾಕಿ, ಪೆಟ್ಟಿಗೆಯ ಬಾಗಿಲನ್ನು ಸದ್ದಾಗದಂತೆ ಮುಚ್ಚಿದಳು.