ಎಡಗಡೆಯ ಮುಂದಿನ ಹೆಗಲು

ಪೆಟ್ಟಿಗೆಯನ್ನು ಕೈಯಲ್ಲೇ ಹಿಡಿದು ಕಿರಿದಾದ ಹೊಸ್ತಿಲು ದಾಟಿಸಿದ್ದರು. ಇನ್ನು ಹೆಗಲಿಗೇರಿಸಬೇಕು ಎನ್ನುವಾಗ ಡಿಕ್ಸನ್ "ತಡೀರಿ" ಎಂದ. ಪೆಟ್ಟಿಗೆ ಅಂಗಳದ ಬೆಂಚಿನ ಮೇಲೆ ಇಳಿಯಿತು. ಹೊರುವವರು ಆರು ಜನ. ಐವರು ತಮ್ಮ ತಮ್ಮ ಜಾಗದಲ್ಲಿದ್ದರು. ಉಳಿದ ಎಡಗಡೆಯ ಮುಂದಿನ ಮೂಲೆಗೆ ನೇಥನ್ ರೇಸ್‌ಬೆಕ್ ಬಂದು ನಿಂತಿದ್ದ. ಹಳೆಯ ಕಪ್ಪು ಕೋಟಿನ ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿಕೊಂಡು, ಟೋಪಿಯನ್ನು ಜೇಬಿಗೆ ತುರುಕಿಕೊಂಡಿದ್ದ.

"ದಾರಿ ತಪ್ಪಿತಾ ನೇಥನ್? ಪೊಲೀಸ್ ಠಾಣೆ ಆ ಕಡೆಗಿದೆ," ಎಂದ ಡಿಕ್ಸನ್.

ಹಿಂದೆ ಯಾರೋ ನಕ್ಕು, ಎದುರಿಗೆ ಪೆಟ್ಟಿಗೆ ಇರುವುದು ನೆನಪಾಗಿ ಕೆಮ್ಮಿದರು. ನೇಥನ್ ಬಾಗಿಲಲ್ಲಿ ನಿಂತಿದ್ದ ಹೆಸ್ಟರಳ ಕಡೆ ನೋಡಿದ. ಅವಳು ಸತ್ತ ಏಮಸ್ ಮೊಸಾಪನ ಒಬ್ಬಳೇ ಮಗಳು. ಊರ ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡಿ ಬಡಿಸುವವಳು.

"ಅಪ್ಪ ಹೇಳಿದ್ದು," ಎಂದಳು. "ಆ ಮೂಲೆಗೆ ನೇಥನ್ನೇ ಇರ್ಬೇಕು ಅಂತ."

ತನ್ನನ್ನು ಯಾರು ಹೊರಬೇಕೆಂದು ಸತ್ತವನು ಹೇಳಿಹೋದರೆ ಆ ಕಣಿವೆಯಲ್ಲಿ ಅದನ್ನು ಮೀರುವವರಿಲ್ಲ. ಡಿಕ್ಸನ್ ನೆಲಕ್ಕೆ ಉಗುಳಲು ಹೋಗಿ ನುಂಗಿಕೊಂಡ. ಆರು ಹೆಗಲುಗಳ ಮೇಲೆ ಪೆಟ್ಟಿಗೆ ಎದ್ದಿತು. ಮನೆಯ ಹಿಂದಿನ ನಾಯಿದೊಡ್ಡಿಯನ್ನು ಬಳಸಿಕೊಂಡು ಮೆರವಣಿಗೆ ಬೆಟ್ಟದ ಹಾದಿ ಹಿಡಿಯಿತು. ಡಾಂಬರು ರಸ್ತೆಯಲ್ಲಿ ಕಾರಿನಲ್ಲೇ ಒಯ್ಯಬಹುದಿತ್ತು. ಆದರೆ ಕುರುಬರೂ ಬೇಟೆಯವರೂ ಕೊನೆಯ ಸಲ ಚರ್ಚಿಗೆ ಹೋಗುವುದು ಬೆಟ್ಟದ ಭುಜದ ಮೇಲಿನ ಹಳೆಯ ಹಾದಿಯಲ್ಲಿ, ಹೆಗಲ ಮೇಲೆ. ದೊಡ್ಡಿಯ ಬಾಗಿಲು ತೆರೆದೇ ಇತ್ತು. ಒಳಗೆ ನಾಯಿಗಳಿಲ್ಲದೆ ವರ್ಷಗಳಾಗಿದ್ದವು.

*

ಏಮಸ್ ಆ ಕಣಿವೆಯ ಬೇಟೆನಾಯಿಗಳ ಯಜಮಾನನಾಗಿದ್ದ. ಕೆಂಪು ಕೋಟು, ಕುದುರೆ ಎಲ್ಲ ದಕ್ಷಿಣದಲ್ಲಿ, ಲಂಡನ್ ಕಡೆಯ ದೊರೆಗಳ ನರಿಬೇಟೆಗೆ. ಇಲ್ಲಿಯ ಕಲ್ಲುಬೆಟ್ಟದಲ್ಲಿ ಕುದುರೆಯ ಕಾಲು ನಿಲ್ಲುವುದಿಲ್ಲ. ಏಮಸ್ ಬೂದು ಕೋಟು ತೊಟ್ಟು, ಕೈಯಲ್ಲೊಂದು ಕೋಲು ಹಿಡಿದು, ನಾಯಿಗಳ ಹಿಂದೆ ದಿನವಿಡೀ ನಡೆಯುತ್ತಿದ್ದ. ಮಂಜಿನಲ್ಲಿ ನಾಯಿಗಳು ಕಾಣದಿದ್ದರೂ ಬೊಗಳುವ ಸದ್ದಿನಿಂದಲೇ ಒಂದೊಂದರ ಹೆಸರು ಹೇಳುತ್ತಿದ್ದ. ಬೇಸಿಗೆ ಬಂದರೆ ಅವು ಒಂದೊಂದು ಮನೆಗೆ ಒಂದೊಂದರಂತೆ ರೈತರ ಒಲೆಗಳ ಮುಂದೆ ಮಲಗಿ ಬೆಳೆಯುತ್ತಿದ್ದವು. ಹೀಗಾಗಿ ಅವು ಅವನ ನಾಯಿಗಳೂ ಹೌದು, ಕಣಿವೆಯ ಎಲ್ಲರ ನಾಯಿಗಳೂ ಹೌದು.

ಏಪ್ರಿಲ್ ತಿಂಗಳು ಕುರಿ ಮರಿಹಾಕುವ ಕಾಲ. ಯಾರದಾದರೂ ಹೊಲದಲ್ಲಿ ನರಿ ಕುರಿಮರಿಗಳನ್ನು ಕಚ್ಚಿತೆಂದರೆ ಬೆಳಗಾಗುವ ಮೊದಲೇ ಏಮಸನಿಗೆ ಕರೆ ಬರುತ್ತಿತ್ತು. ಅವನು ನಾಯಿಗಳನ್ನು ಕರೆದುಕೊಂಡು ಹೋಗಿ, ಸತ್ತ ಮರಿಯ ಬಳಿಯಿಂದಲೇ ಜಾಡು ಹಿಡಿಸಿ, ಆ ನರಿಯನ್ನು ಮುಗಿಸಿ ಬರುತ್ತಿದ್ದ. ಕೂಲಿ ಕೇಳುತ್ತಿರಲಿಲ್ಲ. ಅವರ ಮನೆಯ ಅಡುಗೆಮನೆಯಲ್ಲಿ ಮೊಟ್ಟೆ, ಹಂದಿಮಾಂಸ, ಚಹಾ, ಅಷ್ಟೇ.

ಆಮೇಲೆ ಕಾನೂನು ಬಂತು. ನಾಯಿಗಳನ್ನು ಬಿಟ್ಟು ನರಿಯನ್ನು ಕೊಲ್ಲುವುದು ಅಪರಾಧವಾಯಿತು. ನರಿಯ ಮೂತ್ರದಲ್ಲಿ ನೆನೆಸಿದ ಬಟ್ಟೆಯನ್ನು ನೆಲದ ಮೇಲೆ ಎಳೆದುಕೊಂಡು ಹೋಗಿ, ಆ ವಾಸನೆಯ ಹಿಂದೆ ನಾಯಿಗಳನ್ನು ಓಡಿಸಬಹುದು, ಅದು ತಪ್ಪಲ್ಲ. ಓಡುವಾಗ ಅಡ್ಡ ಒಂದು ನಿಜವಾದ ನರಿ ಎದ್ದುಬಿಟ್ಟರೆ ಅದು ಆಕಸ್ಮಿಕ. ಕಣಿವೆಯವರು ಆ ಆಕಸ್ಮಿಕಗಳನ್ನು ಬೇಗ ಕಲಿತರು. ಏಮಸನೂ ಕಲಿತ, ಆದರೆ ಅವನಿಗೆ ಅದು ಒಗ್ಗಲಿಲ್ಲ. ಬಟ್ಟೆ ಎಳೆಯುವಾಗ ಕಳ್ಳನ ಹಾಗೆ ತಲೆ ತಗ್ಗಿಸಿ ನಡೆಯುತ್ತಿದ್ದ. ಆ ಬಟ್ಟೆಯನ್ನು ವಾರಕ್ಕೊಮ್ಮೆ ಒಗೆದು ಹಿತ್ತಲಿನ ಹಗ್ಗದ ಮೇಲೆ ಒಣಗಿಸುವವಳು ಹೆಸ್ಟರ್. ಅವಳ ತಾಯಿ ತೀರಿಕೊಂಡ ಮೇಲೆ ಮನೆಯ ಕೆಲಸವೆಲ್ಲ ಅವಳದೇ.

*

ಅರ್ಧ ದಾರಿಯಲ್ಲಿ ಒಂದು ಚಪ್ಪಟೆ ಬಂಡೆ ಇದೆ. ಹೊರುವವರು ಅದರ ಮೇಲೆ ಪೆಟ್ಟಿಗೆ ಇಳಿಸಿ ದಣಿವಾರಿಸಿಕೊಳ್ಳುತ್ತಾರೆ. ಮಾರ್ಚ್ ತಿಂಗಳ ಗಾಳಿ ಚುಚ್ಚುತ್ತಿತ್ತು. ಒಬ್ಬರು ಶೀಸೆಯಿಂದ ವಿಸ್ಕಿ ಹಂಚಿದರು. ಶೀಸೆ ಐವರ ಕೈಗಳನ್ನೂ ಸುತ್ತಿ ನೇಥನನ ಬಳಿ ಬಾರದೆ ಜೇಬು ಸೇರಿತು.

ಮಾತು ಹೊಸ ಸುದ್ದಿಯ ಕಡೆ ತಿರುಗಿತು. ಬಟ್ಟೆಯ ಆಟವನ್ನೂ ನಿಲ್ಲಿಸುವ ಕಾನೂನು ಬರುತ್ತದಂತೆ. ಲಂಡನ್ನಿನವರು ಒಂದು ಸಲವಾದರೂ ನಾಲಗೆ ಕಿತ್ತ ಕುರಿಮರಿಯನ್ನು ಎತ್ತಿಕೊಂಡು ನೋಡಿದ್ದರೆ ಈ ಮಾತು ಆಡುತ್ತಿರಲಿಲ್ಲ ಎಂದು ಒಬ್ಬ ಹೇಳಿದ. ಇನ್ನೊಬ್ಬ ಹಿರಿಯ, ನರಿಗೂ ಜೀವ ಇದೆಯಲ್ಲಪ್ಪ, ನಾನು ಚಿಕ್ಕವನಿದ್ದಾಗಿಂದ ನಾಯಿಗಳ ಹಿಂದೆ ಓಡಿದವನೇ, ಆದರೂ ಕೊನೆಯ ಆ ಒಂದು ಗಳಿಗೆಯನ್ನು ಮಾತ್ರ ಯಾವತ್ತೂ ಕಣ್ಣುಬಿಟ್ಟು ನೋಡಲಿಲ್ಲ ಎಂದ. ಹಾಗಾದರೆ ಏಮಸನ ಪೆಟ್ಟಿಗೆ ಹೊರಲು ಯಾಕೆ ಬಂದೆ ಎಂದು ಡಿಕ್ಸನ್ ಅವನನ್ನು ಕೆಣಕಿದ. ಏಮಸನೂ ನೋಡುತ್ತಿರಲಿಲ್ಲ ಕಣಯ್ಯಾ, ಅದಕ್ಕೇ ಬಂದೆ ಎಂದ ಆ ಹಿರಿಯ.

ಡಿಕ್ಸನ್ ಏಮಸನ ಕೈಕೆಳಗೆ ಬೆಳೆದವನು. ಅವನ ನಂತರ ನಾಯಿಗಳು ತನಗೆ ಬರುತ್ತವೆಂದು ನಂಬಿದ್ದವನು. ಈಗ ಕಲ್ಲುಗಣಿಯಲ್ಲಿ ಲಾರಿ ಓಡಿಸುತ್ತಾನೆ.

*

ಕಾನೂನು ಬಂದ ಮೇಲಿನ ಒಂದು ಏಪ್ರಿಲ್ ಬೆಳಿಗ್ಗೆ ಏಮಸನನ್ನು ಕರೆದವನು ನೇಥನ್. ಅವನ ಹೊಲದಲ್ಲಿ ನಾಲ್ಕಾರು ಮರಿಗಳು ಸತ್ತುಬಿದ್ದಿದ್ದವು. ಅವಸರದಲ್ಲಿ ಏಮಸ್ ಬಟ್ಟೆ ಮುಟ್ಟದೆ ಹೊರಟುಹೋದ. ನಾಯಿಗಳು ಬೆಟ್ಟದಿಂದ ಇಳಿದು, ತೊರೆ ದಾಟಿ, ಮಕ್ಕಳು ಹಾಲು ಕುಡಿಯುತ್ತಿದ್ದ ಹೊತ್ತಿಗೆ ಸರಿಯಾಗಿ ಶಾಲೆಯ ಹಿಂದಿನ ಗೋಡೆಯ ಮೂಲೆಯಲ್ಲಿ ನರಿಯನ್ನು ಹಿಡಿದವು. ಹೆಸ್ಟರ್ ಮಕ್ಕಳನ್ನು ಒಳಗೆ ತಳ್ಳಿ ಬಾಗಿಲು ಹಾಕಿದಳು. ಏಮಸ್ ಏದುತ್ತ ಬಂದು ನಾಯಿಗಳನ್ನು ಎಳೆದುಕೊಂಡು ಹೋದ ಮೇಲೆ ಬಕೆಟ್ಟು ತಂದು ಗೋಡೆ ತೊಳೆದಳು. ಅದು ಹೆಣ್ಣುನರಿ. ಮೊಲೆಗಳಲ್ಲಿ ಹಾಲಿತ್ತು. ನೀರಿನೊಂದಿಗೆ ಕೆಂಪೂ ಬಿಳುಪೂ ಕೂಡಿಯೇ ಹರಿದವು.

ಮಧ್ಯಾಹ್ನ ಪೊಲೀಸಿನವನು ಬಂದ. ಚಿಕ್ಕ ವಯಸ್ಸಿನವನು, ಟೋಪಿ ತೆಗೆದು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ. ಬೇಟೆಯವರು ಬಟ್ಟೆ ಎಳೆದಿದ್ದೆವು, ನರಿ ಆಕಸ್ಮಿಕವಾಗಿ ಎದ್ದಿತು ಅನ್ನುತ್ತಾರಲ್ಲ, ನಿಜವೇ ಎಂದ. ಒಳಗೆ ಒಂದು ಮಗು ಇನ್ನೂ ಬಿಕ್ಕುತ್ತಿತ್ತು. ಹೆಸ್ಟರ್ ಕೈ ಒರೆಸಿಕೊಂಡು ಹೇಳಿದಳು: "ಬಟ್ಟೆ ನಮ್ಮನೆ ಹಗ್ಗದ ಮೇಲಿದೆ. ಬೆಳಗ್ಗೆಯಿಂದ ಅಲ್ಲೇ ಒಣಗ್ತಿದೆ."

ಅಷ್ಟೇ ಹೇಳಿದ್ದು. ಸುಳ್ಳಲ್ಲ. ಸಂಜೆ ಮನೆಗೆ ಬಂದಾಗ ಅಪ್ಪ ಹಿತ್ತಲಿನಲ್ಲಿ ನಿಂತು ಹಗ್ಗದ ಮೇಲಿನ ಬಟ್ಟೆಯನ್ನು ನೋಡುತ್ತಿದ್ದ. ಪೊಲೀಸಿನವನು ಬಂದು ಅದನ್ನೇ ಕೇಳಿಹೋಗಿದ್ದ. ಆ ದಿನ ಬಟ್ಟೆ ಹಗ್ಗದ ಮೇಲೇ ಇತ್ತೆಂದು ತಿಳಿದವರು ಆ ಮನೆಯ ಇಬ್ಬರೇ.

"ಚಹಾ ಆಯ್ತಾ?" ಎಂದಷ್ಟೇ ಕೇಳಿದ.

ಎಳೆದಿದ್ದೆ ಅಂತ ಒಂದು ಮಾತು ಹೇಳು, ಸಾಕ್ಷಿಗೆ ನಾವಿದ್ದೇವೆ ಎಂದು ಊರವರೆಲ್ಲ ಅಂದರು. ಅವನು ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ. ಸಾಕ್ಷಿಯನ್ನು ಕರೆಯುವ ಅಗತ್ಯವೇ ಬೀಳಲಿಲ್ಲ. ಸಾಕ್ಷಿ ಯಾರೆಂದು ಹೊರಗೆ ಬರಲಿಲ್ಲ. ನಾಯಿಗಳು ಪಕ್ಕದ ಕಣಿವೆಗೆ ಹೋದವು. ಆದರೆ ಯಾರೋ ಹೇಳಿರಲೇಬೇಕಲ್ಲ? ಆ ದಿನ ಪೊಲೀಸಿನ ಕಾರು ನೇಥನನ ಅಂಗಳದಲ್ಲೂ ನಿಂತಿತ್ತು. ಕರೆದವನು ನಾನೇ, ನಾನೇ ಯಾಕೆ ಹೇಳಲಿ ಎಂದು ನೇಥನ್ ಒಮ್ಮೆ ಅಂದ. ಸಿಕ್ಕಿಸಲೆಂದೇ ಕರೆದ ಎಂದರು ಊರವರು. ಮತ್ತೆ ಅವನು ಆ ಮಾತು ಎತ್ತಲಿಲ್ಲ.

ಬೇಲಿಯಿಲ್ಲದ ಬೆಟ್ಟದಲ್ಲಿ ಕುರಿ ಸಾಕುವವನಿಗೆ ನೆರೆಯವರೇ ಬೇಲಿ. ಎಲ್ಲರೂ ಕೂಡಿ ಕುರಿಗಳನ್ನು ಕೆಳಗಿಳಿಸಬೇಕು, ತಪ್ಪಿ ಬಂದ ಕುರಿಯನ್ನು ಗುರುತು ನೋಡಿ ಒಡೆಯನಿಗೆ ಮುಟ್ಟಿಸಬೇಕು, ತುಪ್ಪಟ ಕತ್ತರಿಸುವ ದಿನ ಒಬ್ಬರ ಮನೆಗೆ ಇನ್ನೊಬ್ಬರು ಹೋಗಬೇಕು. ನೇಥನನ ಅಂಗಳಕ್ಕೆ ಯಾರೂ ಹೋಗಲಿಲ್ಲ. ಅವನ ಕುರಿಗಳು ಹಿಮದಲ್ಲಿ ಉಳಿದವು. ಭಾನುವಾರ ಚರ್ಚಿನಲ್ಲಿ ಅವನ ಬೆಂಚಿನಲ್ಲಿ ಅವನೊಬ್ಬನೇ. ಪ್ರಭುವಿನ ರೊಟ್ಟಿಗಾಗಿ ಮೊಣಕಾಲೂರುವಾಗ ಅವನ ಪಕ್ಕದಲ್ಲಿ ಜಾಗ ಬಿಟ್ಟು ಊರವರು ಊರುತ್ತಿದ್ದರು. ಹೆಸ್ಟರ್ ಸಾಲಿನ ಆ ತುದಿಯಲ್ಲಿರುತ್ತಿದ್ದಳು. ಅವನ ತುಟಿ ಮುಟ್ಟಿದ ದ್ರಾಕ್ಷಾರಸದ ಬಟ್ಟಲೇ ಒರೆಸಿಕೊಂಡು ಅವಳವರೆಗೂ ಬರುತ್ತಿತ್ತು. ಮೊದಲು ಅಪ್ಪನಿಗೆ ಹೆದರಿ ಸುಮ್ಮನಿದ್ದಳು. ಆಮೇಲೆ ಊರಿಗೆ ಹೆದರಿ. ಕೊನೆಗೆ, ಇಷ್ಟು ದಿನ ಸುಮ್ಮನಿದ್ದದ್ದಕ್ಕೇ ಹೆದರಿ. ಹೀಗೆ ಹನ್ನೊಂದು ವರ್ಷ ಕುಡಿದಳು.

ಹೋದ ವಾರ ಆಸ್ಪತ್ರೆಯಲ್ಲಿ ಏಮಸ್ ಹೇಳಿದ: "ನನ್ನ ಹೊರೋವಾಗ ಎಡಗಡೆ ಮುಂದೆ ನೇಥನ್ ಇರ್ಲಿ."

"ಊರವ್ರು ಬಿಡಲ್ಲ ಅಪ್ಪ."

"ಬಿಡೋ ಹಾಗೆ ಮಾಡೋದು ನಿನ್ ಕೈಲಿದೆ ಮಗಾ." ಗೋಡೆಯ ಕಡೆ ತಿರುಗಿಕೊಂಡ. "ನನ್ ಕೈಲಂತೂ ಆಗ್ಲಿಲ್ಲ."

*

ಡಿಕ್ಸನ್ ಬಂಡೆಯಿಂದ ಎದ್ದ. "ಏಮಸ್‌ನ ಮಾತಿಗೆ ಅರ್ಧ ದಾರಿ ಹೊತ್ತಾಯ್ತು. ಇನ್ನು ನೀನು ಹೊರಡು ನೇಥನ್. ಚರ್ಚಿನ ಬಾಗಿಲಲ್ಲಿ ಪಕ್ಕದ ಕಣಿವೆಯಿಂದ ನಾಯಿಗಳನ್ನ ತಂದು ನಿಲ್ಲಿಸಿದಾರೆ, ನಾನು ಕೊಂಬು ಊದ್ಬೇಕು. ನೀನು ಅವನನ್ನ ಹೊತ್ಕೊಂಡು ಅವುಗಳ ಮುಂದೆ ಹೋಗೋದು ಬೇಡ."

ನೇಥನ್ ಜೇಬಿನಿಂದ ಟೋಪಿ ತೆಗೆದ. ಜಗಳವಾಡಲು ಬಂದವನಂತೆ ಅವನು ಕಾಣಲಿಲ್ಲ. ಅವನ ಹೊಲವೂ ಮಂದೆಯೂ ಹೋದ ತಿಂಗಳೇ ಮಾರಾಟವಾಗಿದ್ದವು. ಶುಕ್ರವಾರ ಅವನು ಪಟ್ಟಣದಲ್ಲಿರುವ ತಂಗಿಯ ಮನೆಗೆ ಹೊರಟುಹೋಗುವವನು. ಪೊಲೀಸರಿಗೆ ಹೇಳಿದವನೆಂಬ ಈ ಹೆಸರು ಹೊತ್ತುಕೊಂಡೇ ಹೋಗುವವನು.

"ಹೇಳಿದ್ದು ನೇಥನ್ ಅಲ್ಲ," ಎಂದಳು ಪೆಟ್ಟಿಗೆಯ ಹಿಂದೆ ನಡೆದುಬಂದಿದ್ದ ಹೆಸ್ಟರ್. "ನಾನು."

"ಏನ್ ನೀನು?"

"ಬಟ್ಟೆ ಹಗ್ಗದ ಮೇಲಿತ್ತು ಅಂತ ಪೊಲೀಸಿನವನಿಗೆ ಹೇಳಿದ್ದು ನಾನು ಡಿಕ್ಸನ್. ನೇಥನ್‌ಗೆ ಆ ಬಟ್ಟೆ ವಿಷಯ ಹೇಗೆ ಗೊತ್ತಾಗ್ಬೇಕು? ಅಪ್ಪನಿಗೆ ಅವತ್ತೇ ಗೊತ್ತಾಗಿತ್ತು."

ಡಿಕ್ಸನ್ ಎದ್ದವನು ಮತ್ತೆ ಕುಳಿತ. ನೇಥನ್ ಟೋಪಿಯ ಅಂಚನ್ನು ಬೆರಳಲ್ಲಿ ತಿರುಗಿಸುತ್ತ ಸ್ವಲ್ಪ ಹೊತ್ತು ಪೆಟ್ಟಿಗೆಯನ್ನೇ ನೋಡಿದ.

"ಏಮಸ್‌ಗೂ ಗೊತ್ತಿತ್ತಾ?"

"ಗೊತ್ತಿತ್ತು."

"ಒಂದ್ಸಲ ತುಪ್ಪಟ ಕತ್ತರಿಸೋ ದಿನ ನಮ್ಮ ಗೋಡೆ ಹತ್ರ ಬಂದು ನಿಂತಿದ್ದ. ಕೈ ಜೋಡಿಸೋಕೆ ಬಂದ ಅಂದ್ಕೊಂಡು ಇನ್ನೊಂದು ಕತ್ತರಿ ತರೋಕೆ ಒಳಗೆ ಹೋದೆ. ಹೊರಗೆ ಬಂದ್ರೆ ಇರ್ಲಿಲ್ಲ." ಟೋಪಿಯನ್ನು ತಲೆಗಿಟ್ಟುಕೊಂಡ. "ಕುರಿ ಮಾರಿ ಆಯ್ತಲ್ಲ ಹೆಸ್ಟರ್."

ಅವನು ಬಂದ ದಾರಿಯಲ್ಲೇ ಇಳಿದುಹೋದ. ಅವಸರವಿರಲಿಲ್ಲ. ಡಿಕ್ಸನ್ ಎದ್ದು ನಾಲ್ಕು ಹೆಜ್ಜೆ ಹಿಂದೆ ಹೋಗಿ ಅವನ ಹೆಸರು ಹಿಡಿದು ಕರೆದ. ಎರಡನೆಯ ಸಲವೂ ಕರೆದ. ನೇಥನ್ ತಿರುಗಲಿಲ್ಲ.

ಕೆಳಗೆ ಚರ್ಚಿನ ಗಂಟೆ ಬಡಿಯತೊಡಗಿತು. ಐವರು ತಮ್ಮ ಜಾಗಕ್ಕೆ ಬಂದರು. ಎಡಗಡೆಯ ಮುಂದಿನ ಮೂಲೆ ಖಾಲಿ. ಹಿಂದೆ ಬಂದವರಲ್ಲಿ ಗಂಡಸರು ಇನ್ನೂ ಇದ್ದರು. ಯಾರೂ ಮುಂದೆ ಬರಲಿಲ್ಲ. ಹೆಸ್ಟರ್ ಹೋಗಿ ಅಲ್ಲಿ ನಿಂತಳು. ಬರಬೇಡ ಎಂದು ಯಾರೂ ಹೇಳಲಿಲ್ಲ, ಅವಳ ಮುಖವನ್ನೂ ನೋಡಲಿಲ್ಲ.

ಪೆಟ್ಟಿಗೆ ಎದ್ದಿತು. ಅವಳು ಕುಳ್ಳಿ. ಹಲಗೆಗೂ ಅವಳ ಹೆಗಲಿಗೂ ನಡುವೆ ಒಂದು ಕೈ ತೂರುವಷ್ಟು ಜಾಗ ಉಳಿಯಿತು. ಅವಳಿಗಾಗಿ ಯಾರೂ ಬಗ್ಗಲಿಲ್ಲ. ತುದಿಗಾಲಲ್ಲಿ ನಿಂತು ನೋಡಿದಳು, ಮುಟ್ಟಲಿಲ್ಲ. ಆಗ ತನ್ನ ಕಪ್ಪು ಕೋಟನ್ನು ಕಳಚಿ, ಮಡಿಸಿ, ಮತ್ತೊಮ್ಮೆ ಮಡಿಸಿ ಹೆಗಲ ಮೇಲಿಟ್ಟುಕೊಂಡು ಹಲಗೆಯ ಕೆಳಗೆ ಸೇರಿದಳು. ತೆಳು ಅಂಗಿಯ ತೋಳುಗಳನ್ನು ಗಾಳಿ ಉಬ್ಬಿಸಿತು.

ಅಲ್ಲಿಂದ ಚರ್ಚಿನವರೆಗೂ ಇಳಿಜಾರು. ಇಳಿಜಾರಿನಲ್ಲಿ ಭಾರವೆಲ್ಲ ಮುಂದಿನವರ ಮೇಲೆ ಜಾರುತ್ತದೆ. ಮೊದಲ ಹೆಜ್ಜೆಗೇ ಅದು ಅವಳ ಮೂಲೆಗೆ ಬಂದು ಕುಳಿತಿತು.