ಸುತ್ತಲೂ ಕಾಣುವ ಡ್ರೋನ್

ಸಂಜೆ ಅಂಗಡಿ ಮುಚ್ಚುವುದರೊಳಗೆ ಎರಡರಲ್ಲಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ವಾಪಸು ಕೊಡಬೇಕಿತ್ತು. ಎರಡೂ ಡ್ರೋನ್‌ಗಳೇ, ಎರಡರ ಕ್ಯಾಮೆರಾವೂ ಮೇಲೆ ಕೆಳಗೆ, ಹಿಂದೆ ಮುಂದೆ ಒಟ್ಟಿಗೇ ನೋಡುವಂಥದ್ದು. ಕಪ್ಪನೆಯದು ತಾನು ಕಂಡದ್ದನ್ನು ಆಗಲೇ ಕೆಳಗಿರುವವರ ದಪ್ಪ ಕನ್ನಡಕದೊಳಗೆ ತೋರಿಸುತ್ತದೆ. ನಾವು ತಲೆ ತಿರುಗಿಸಿದತ್ತ ನೋಟವೂ ತಿರುಗುತ್ತದೆ. ಬೂದುಬಣ್ಣದ್ದಕ್ಕೆ ಕನ್ನಡಕವಿಲ್ಲ. ಅದು ಹಾರಿ ಬಂದು ಇಳಿದ ಮೇಲೆ ಕಂಪ್ಯೂಟರಿಗೆ ಹಾಕಿಕೊಂಡು ನೋಡಬೇಕು.

"ಕಪ್ಪುದ್ದು ತಗೊಂಡ್ರೆ ನೀವೇ ಹಕ್ಕಿ ಆದ ಹಾಗೆ," ಎಂದಿದ್ದರು ಅಂಗಡಿಯವರು. "ಬೂದುದು ತಗೊಂಡ್ರೆ ಹಕ್ಕಿ ಬರೆದ ಕಾಗದ ಓದಿದ ಹಾಗೆ."

ಹಳೆಯ ಚಿಮಣಿ, ನೀರಿನ ಟ್ಯಾಂಕುಗಳ ಬಿರುಕು ನೋಡಿ ವರದಿ ಕೊಡುವುದು ನಮ್ಮ ಕೆಲಸ. ಹತ್ತುವವನು ತಮ್ಮ, ಕೆಳಗೆ ನಿಂತು ಬರೆದುಕೊಳ್ಳುವವಳು ನಾನು. ಗೋಡೆಗೆ ಅಂಟಿದರೆ ಬಿಡುವುದಿಲ್ಲವೆಂದು ಕೆಲಸದ ಕಡೆ ಎಲ್ಲರೂ ಅವನನ್ನು ಉಡ ಎನ್ನುತ್ತಾರೆ. ಹೋದ ವರ್ಷ ಅವನ ಜೊತೆಗಾರ ಟ್ಯಾಂಕಿನಿಂದ ಬಿದ್ದು ತೀರಿಹೋದ. ಆ ಸದ್ದು ನಾನು ಕೇಳಿದ್ದೆ. ಅಂದಿನಿಂದ ಹತ್ತಬೇಡ ಎಂದು ನಾನು, ಹತ್ತದಿದ್ದರೆ ಹೊಟ್ಟೆಗೇನು ಎಂದು ಅವನು. ಕೊನೆಗೆ ಡ್ರೋನ್ ಎಂಬ ಮಾತಿಗೆ ಇಬ್ಬರೂ ಒಪ್ಪಿದ್ದೆವು. ಇನ್ನು ಹತ್ತುವುದಿಲ್ಲವೆಂದು ಅವನು ದೇವರ ಮುಂದೆ ನಿಂತು ಹೇಳಿದ್ದ.

ಮುಚ್ಚಿದ ಕಾರ್ಖಾನೆಯೊಂದರ ಇಟ್ಟಿಗೆ ಚಿಮಣಿಯ ಹತ್ತಿರ ಎರಡನ್ನೂ ಹಾರಿಸಿ ನೋಡಲು ಹೋದೆವು. ಬೂದುಬಣ್ಣದ್ದು ಸುತ್ತಿ ಬಂದು ತೆಪ್ಪಗೆ ಇಳಿಯಿತು. ಕಪ್ಪನೆಯದು ತುದಿಗೆ ತಲುಪುವಷ್ಟರಲ್ಲಿ ಗಾಳಿ ಬೀಸಿತು. ಚಿಮಣಿಯ ಕುತ್ತಿಗೆಗೆ ಬಳೆ ತೊಡಿಸಿದಂತೆ, ಆಳು ನಿಲ್ಲುವಷ್ಟು ಅಗಲದ ಒಂದು ಕಬ್ಬಿಣದ ಜಾಲರಿಕಟ್ಟೆ ಇದೆ. ಡ್ರೋನ್ ಅದರ ಕಂಬಿಗೆ ಬಡಿದು, ರೆಕ್ಕೆ ಮುರಿದುಕೊಂಡು ಅಲ್ಲೇ ಕೂತುಬಿಟ್ಟಿತು. ಕ್ಯಾಮೆರಾ ಮಾತ್ರ ಬದುಕಿತ್ತು.

ನನ್ನ ತಮ್ಮ ಸೊಂಟಕ್ಕೆ ಹತ್ತುವ ಬೆಲ್ಟು ಬಿಗಿಯತೊಡಗಿದ.

"ಏನೋ ಅದು?"

"ಕಂಡೋರ ಸಾಮಾನು ಅಕ್ಕ. ಅಲ್ಲೇ ಬಿಟ್ಟು ಬರಕ್ಕಾಗತ್ತಾ?"

"ಹತ್ತಬಾರದು ಅಂತಾನೇ ಅದನ್ನ ತಂದದ್ದು."

"ಇದೊಂದು ಸಲ. ಹಿಂಗೆ ಹೋಗಿ ಹಂಗೆ ಬಂದೆ ಅನ್ಕೋ." ಕನ್ನಡಕವನ್ನು ನನ್ನ ಕೈಗಿತ್ತ. "ಹಾಕ್ಕೊಂಡು ಕೂತಿರು. ಭಯ ಆದ್ರೆ ಕಣ್ಣು ಮುಚ್ಕೋ."

ಬೆಲ್ಟಿನ ಅಂಚು ಹಿಡಿದುಕೊಂಡೆ. ಮಗುವಿನ ಬೆರಳು ಬಿಡಿಸುವಂತೆ ನನ್ನ ಬೆರಳುಗಳನ್ನು ಬಿಡಿಸಿ ನಡೆದ.

ಇಟ್ಟಿಗೆಯಲ್ಲಿ ಹೂತ ಕಬ್ಬಿಣದ ಮೆಟ್ಟಿಲುಗಳು ನೆಟ್ಟಗೆ ಮೇಲಕ್ಕೆ ಹೋಗಿದ್ದವು. ಅಪ್ಪ ಸಂಜೆಹೊತ್ತು ಹಾಡಿ ಹೇಳಿಕೊಟ್ಟ ಪದ್ಯಗಳನ್ನು ತಮ್ಮ ಹತ್ತುವಾಗ ಹೇಳಿಕೊಳ್ಳುತ್ತಾನೆ, ಮೆಟ್ಟಿಲಿಗೆ ಒಂದು ಸಾಲು. ಆರು ಸಾಲಿಗೆ ಒಂದು ಪದ್ಯ, ಆರು ಮೆಟ್ಟಿಲು. ಇಬ್ಬರ ಕಿವಿಯಲ್ಲೂ ಫೋನು ಇರುತ್ತದೆ. ಎಷ್ಟು ಮೇಲಿದ್ದಾನೆಂದು ನಾನು ಕತ್ತೆತ್ತಿ ನೋಡಿದವಳಲ್ಲ, ಕೇಳಿಯೇ ತಿಳಿಯುತ್ತಿದ್ದೆ. ಅಂದು ಮೊದಲ ಸಲ ನೋಡುತ್ತಿದ್ದೆ, ಅದೂ ಮೇಲಿನಿಂದ.

ಕತ್ತು ಬಗ್ಗಿಸಿದರೆ ಜಾಲರಿಯ ಕೆಳಗೆ ಪಾತಾಳ. ಅದರ ತಳದಲ್ಲಿ ಸಾಸಿವೆ ಕಾಳಿನಷ್ಟು ಒಬ್ಬಳು ಕೂತಿದ್ದಳು, ಅದು ನಾನೇ. ಗೋಡೆಯ ಮೇಲೆ ಅವನ ಹಳದಿ ಹೆಲ್ಮೆಟ್ಟು ಏರುತ್ತಾ ಬಂತು. ಹದಿನಾಲ್ಕು ಪದ್ಯ ಮುಗಿದು ಹದಿನೈದನೆಯದು ಶುರುವಾಯಿತು. ಎರಡನೆಯ ಸಾಲಿನ ಮೆಟ್ಟಿಲಿನಿಂದ ಅವನು ಕಾಲೆತ್ತಿದ ಕೂಡಲೇ ಆ ಮೆಟ್ಟಿಲು ಅರ್ಧ ಹೊರಗೆ ಜಾರಿತು. ಇಟ್ಟಿಗೆಯ ಪುಡಿ ಗಾಳಿಗೆ ಹಾರಿತು. ಅವನಿಗೆ ಅದು ಗೊತ್ತಾಗಲಿಲ್ಲ. ಮೂರು, ನಾಲ್ಕು, ಐದು, ಆರು ಎಂದು ಉಳಿದ ಸಾಲುಗಳನ್ನು ಹಾಡಿಕೊಂಡೇ ಕಟ್ಟೆಯ ಮೇಲೆ ಕಾಲಿಟ್ಟ.

ಹತ್ತುತ್ತಿದ್ದವನು ಬೆಚ್ಚಬಾರದೆಂದು ಅಲ್ಲಿಯವರೆಗೆ ನಾನು ಬಾಯಿ ಬಿಟ್ಟಿರಲಿಲ್ಲ. ಅವನ ಮುಖ ಬಾಗಿಲಿನಷ್ಟು ದೊಡ್ಡದಾಗಿ ಹತ್ತಿರ ಬಂತು, ಕೈ ಚಾಚಿದ.

"ಮುಟ್ಟಬೇಡ," ಎಂದೆ.

"ಯಾಕೆ?"

"ನೀನು ಬಿಟ್ಟು ಬಂದ ಮೆಟ್ಟಿಲು ಕಿತ್ತು ಬಂದಿದೆ. ಮೇಲಿಂದ ಐದನೇದು. ಅದರ ಮೇಲೆ ಕಾಲಿಟ್ಟರೆ ಹೋದೆ."

ಅವನು ಬಗ್ಗಿ ನೋಡಿದ. ಅಲ್ಲಿಂದ ಕಂಡರೂ, ಗೋಡೆಗೆ ಅಂಟಿ ಇಳಿಯುವವನಿಗೆ ಹೊಟ್ಟೆಯ ಕೆಳಗಿನ ಮೆಟ್ಟಿಲು ಕಾಣುವುದಿಲ್ಲ.

"ಅಲ್ಲೇ ಕೂತಿರು. ಯಾರನ್ನಾದ್ರೂ ಕರೀತೀನಿ."

"ಕಟ್ಟೇನೇ ಅಲ್ಲಾಡ್ತಿದೆ ಅಕ್ಕ. ಕೂರೋ ಹಾಗಿಲ್ಲ." ಆ ದನಿಯಲ್ಲಿ ಹುಡುಗಾಟ ಇರಲಿಲ್ಲ. ನನಗೆ ಅದಕ್ಕೇ ಹೆಚ್ಚು ದಿಗಿಲಾಯಿತು.

"ಹಾಗಾದ್ರೆ ಡ್ರೋನ್ ಅಲ್ಲೇ ಇರಲಿ. ಚೀಲಕ್ಕೆ ಹಾಕಿದ್ರೆ ನನಗೆ ಕಣ್ಣೇ ಇಲ್ಲ. ನಿನ್ನ ಕಾಲು ಎಲ್ಲಿದೆ ಅಂತ ಹೇಳೋರು ಯಾರು?"

ಕನ್ನಡಕದ ಮೂಲೆಯಲ್ಲಿ ಬ್ಯಾಟರಿಯ ಗುರುತು ಕೆಂಪಾಗಿ ಮಿಣುಕುತ್ತಿತ್ತು. ಅದನ್ನು ಅವನಿಗೆ ಹೇಳಲಿಲ್ಲ.

ಇಳಿಯಲು ತಿರುಗಿ ಗೋಡೆ ಹಿಡಿದ. "ಪದ್ಯ ಹೇಳು," ಎಂದೆ.

"ಇಳಿಯುವಾಗ ಹೇಳಿ ರೂಢಿ ಇಲ್ಲ."

"ಇವತ್ತು ಹೇಳು."

ಒಂದು ಸಾಲು, ಒಂದು ಮೆಟ್ಟಿಲು. ಬೆಲ್ಟಿನ ಕೊಂಡಿ ತೆಗೆದು ಕೆಳಗೆ ಸಿಕ್ಕಿಸುವ ಸದ್ದು. ಎರಡನೆಯ ಸಾಲು. ಮೂರನೆಯದಕ್ಕೆ ದನಿ ಒಡೆಯಿತು, ಒಂದು ಪದ ನುಂಗಿಕೊಂಡ. ನಾನು ಕೆಳಗಿನಿಂದ ಆ ಪದ ಕೊಟ್ಟೆ. ಅಷ್ಟರಲ್ಲಿ ಕನ್ನಡಕದೊಳಗೆ ಕತ್ತಲು.

ಅದನ್ನು ಕಿತ್ತು ಬದಿಗಿಟ್ಟೆ. ಬರಿಗಣ್ಣಿಗೆ ಅವನು ಗೋಡೆಯ ಮೇಲಿನ ಒಂದು ಕಲೆ; ಕಾಲೂ ಕಾಣದು, ಮೆಟ್ಟಿಲೂ ಕಾಣದು. ಒಳಗೊಳಗೇ ದೇವರನ್ನು ಕರೆಯಲು ಹೋದೆ, ಆಗಲಿಲ್ಲ. ಲೆಕ್ಕ ತಪ್ಪೀತೆಂಬ ಹೆದರಿಕೆಗೆ ದೇವರ ಹೆಸರನ್ನೂ ಪಕ್ಕಕ್ಕಿಟ್ಟು ಕಿವಿಯೊಂದನ್ನೇ ತೆರೆದು ಕೂತೆ. ನಾಲ್ಕನೆಯ ಸಾಲು ಬಂತು.

"ಕಾಣ್ತಿದೀನಾ ಅಕ್ಕ?"

"ಕಾಣ್ತಿದೀಯ," ಎಂದೆ. ಹುಟ್ಟಿದಾಗಿನಿಂದ ಅವನಿಗೆ ಹೇಳಿದ ಸುಳ್ಳುಗಳಲ್ಲಿ ಅಷ್ಟು ದೊಡ್ಡದು ಇನ್ನೊಂದಿಲ್ಲ. "ಕೊಂಡಿ ಈಗಿರೋ ಕಡೆಯೇ ಇರಲಿ. ಮುಂದಿನ ಮೆಟ್ಟಿಲು ಬೇಡ. ಬಲಗಾಲು ಅದನ್ನ ದಾಟಿಸಿ ಕೆಳಗೆ ಬಿಡು."

"ಸಿಗ್ತಿಲ್ಲ."

"ಇನ್ನೂ ಕೆಳಗೆ."

"ಕೈ ಜಾರ್ತಿದೆ ಅಕ್ಕ."

"ಹಿಡಿ ಬಿಗಿ ಮಾಡು. ಇನ್ನೂ ಕೆಳಗೆ, ಒಂದು ಗೇಣು."

ಅವನ ಉಸಿರು ನನ್ನ ಕಿವಿಯಲ್ಲಿ ನಿಂತುಹೋಯಿತು. ಬಹಳ ಹೊತ್ತಾದ ಮೇಲೆ ಬೂಟು ಕಬ್ಬಿಣಕ್ಕೆ ತಾಗಿದ ಠಣ್ ಎಂಬ ಸದ್ದು. ಆಮೇಲೆ ಪಿಸುದನಿಯಲ್ಲಿ ಆರನೆಯ ಸಾಲು.

ಉಳಿದ ಎಂಬತ್ತನಾಲ್ಕು ಮೆಟ್ಟಿಲು ಅವನು ಹೇಗೆ ಇಳಿದನೋ ಕಾಣೆ. ನೆಲ ಮುಟ್ಟಿದವನು ಗೋಡೆಗೆ ಹಣೆ ಒತ್ತಿ ನಿಂತ. ನೀರು ಕೊಟ್ಟೆ, ಅರ್ಧ ಅಂಗಿಯ ಮೇಲೆ ಚೆಲ್ಲಿಕೊಂಡ. ಬೈಯಬೇಕೆಂದು ಬಾಯಿ ತೆರೆದೆ, ಅಳು ಬಂತು.

ನೀರು ಒಳಗೆ ಹೋಗಿ ಮುಖಕ್ಕೆ ಬಣ್ಣ ಬಂದ ಮೇಲೆ ಅವನು ತಲೆಯೆತ್ತಿ ಚಿಮಣಿಯ ತುದಿ ನೋಡಿದ. ಕಣ್ಣಲ್ಲಿ ಹೊಳಪಿತ್ತು.

"ಅಂಥದ್ದೇ ಕಪ್ಪುದ್ದು ಇನ್ನೊಂದು ತಗೊಳ್ಳೋಣ ಅಕ್ಕ. ನೋಡಿದ್ಯಲ್ಲ, ಎಂಥಾ ಕಣ್ಣು. ಅದನ್ನ ಮೇಲೆ ನಿಲ್ಲಿಸಿ ನೀನು ಹಿಂಗೆ ಹೇಳ್ತಾ ಇದ್ರೆ, ನಾನು ಎಲ್ಲಿಗೆ ಬೇಕಾದ್ರೂ ಹತ್ತಬಹುದು."

ಅವನು ಮೇಲಿದ್ದಾಗಲೂ ನನಗೆ ಇಷ್ಟು ಹೆದರಿಕೆ ಆಗಿರಲಿಲ್ಲ. ಕನ್ನಡಕ ಆರಿದ್ದನ್ನು, ನಾನು ಕುರುಡಿಯಾಗಿ ಕಾಲಿಡುವ ಕಡೆ ಹೇಳಿದ್ದನ್ನು ತುಟಿಯವರೆಗೆ ತಂದು ನುಂಗಿದೆ. ಹೇಳಿದರೆ, ಕಣ್ಣಿಲ್ಲದೆಯೂ ಇಳಿಸಿದೆಯಲ್ಲ ಎಂದು ಇನ್ನೂ ಉಬ್ಬುತ್ತಿದ್ದ, ನನಗೆ ಗೊತ್ತು.

ಅವನು ಹಗ್ಗ ಸುತ್ತುತ್ತಿದ್ದಾಗ ಸ್ವಲ್ಪ ದೂರ ಹೋಗಿ ಅಂಗಡಿಯವರಿಗೆ ಫೋನು ಮಾಡಿದೆ.

"ಯಾವುದು ಇಟ್ಕೊಂಡ್ರಿ ಅಮ್ಮಾ?"

"ಬೂದುಬಣ್ಣದ್ದು."

"ಅಯ್ಯೋ, ಅದ್ರಲ್ಲಿ ಹೋಗಿ ಬಂದ ಮೇಲಲ್ವಾ ಕಾಣೋದು?"

"ಹೌದು. ಹೋಗಿ ಬಂದ ಮೇಲೆ ಕಂಡರೆ ಸಾಕು."

"ಕಪ್ಪುದ್ದು ಸಂಜೆ ತಂದುಕೊಡ್ತೀರಾ?"

"ಅದು ಚಿಮಣಿ ಮೇಲಿದೆ," ಎಂದೆ. "ಅದರ ಲೆಕ್ಕ ನಾನು ಬಂದು ಮುಗಿಸ್ತೀನಿ. ನಮ್ಮ ತಮ್ಮ ಕೇಳಿದ್ರೆ ಮಾತ್ರ, ಅಂಥದ್ದು ಇನ್ನು ಬರೋದೇ ಇಲ್ಲ ಅಂದುಬಿಡಿ."