ಪುಟ್ಟಿಯ ಎರಡನೇ ಲಸಿಕೆ

"ಈ ಸಲ ಲಸಿಕೆ ಬೇಡ ಅಂದ್ರೆ ಬೇಡ. ಹೋದ ಸಲ ಮಗು ಹೇಗೆ ಸುಡ್ತಿತ್ತು, ಮರೆತುಬಿಟ್ಯಾ?" ಅಂದರು ಅತ್ತೆ.

ಸೊಸೆ ಮರೆತಿರಲಿಲ್ಲ. ದಡಾರದ ಮೊದಲ ಲಸಿಕೆ ಹಾಕಿಸಿ ವಾರ ಕಳೆದ ಮೇಲೆ ಪುಟ್ಟಿಗೆ ಜ್ವರ ಬಂದಿತ್ತು. ಆದರೆ ಪಕ್ಕದ ಬೀದಿಯಲ್ಲಿ ಈಗ ದಡಾರವೇ ಎದ್ದಿತ್ತು. ಒಂದು ಮಗು ಆಸ್ಪತ್ರೆ ಸೇರಿತ್ತು. ಅವಳು ಇಸ್ತ್ರಿ ಮಾಡಿದ ಅಂಗಿಗೇ ಮತ್ತೆ ಇಸ್ತ್ರಿ ಮಾಡುತ್ತಿದ್ದಳು.

ಅವರದು ಬಟ್ಟೆ ಒಗೆದು ಕೊಡುವ ಮನೆ. ಒಂದೊಂದು ಮನೆಯ ಬಟ್ಟೆಗೂ ಕಾಲರಿನ ಒಳಗೆ ಒಂದೊಂದು ಬಣ್ಣದ ದಾರದ ಗುರುತು. ಗುರುತು ನೋಡಿ ಗಂಟು ಕಟ್ಟುವುದು ಅತ್ತೆಯ ಕೆಲಸ.

ಪುಟ್ಟಿಯನ್ನು ಲಸಿಕೆಗೆ ಕರೆಯಲು ಬಂದ ಆರೋಗ್ಯ ಕೇಂದ್ರದ ನರ್ಸಕ್ಕ ಬಾಗಿಲಲ್ಲಿ ಕಾಣಿಸಿಕೊಂಡರು.

"ಬಂದ್ರಾ, ಸೂಜಿ ಚುಚ್ಚೋರು!" ಅಂದರು ಅತ್ತೆ.

"ಮೊದಲು ಕೂರೋಕೆ ಜಾಗ ಕೊಡಿ, ಆಮೇಲೆ ಬೈಯಿರಿ ಅಮ್ಮಾ."

ಅಷ್ಟರಲ್ಲಿ ಗಂಟು ಕಟ್ಟುತ್ತಿದ್ದ ಅತ್ತೆಯ ಬೆರಳು ಒಂದು ಕಾಲರಿನ ಮೇಲೆ ನಿಂತಿತು. "ಅಯ್ಯೋ, ನೀಲಿ ದಾರದ ಗಂಟಲ್ಲಿ ಕೆಂಪು ದಾರ! ಯಾರದಿದು?" ಆ ಕೂಗಿಗೆ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದ ಮಗನೂ ಓಡಿಬಂದ.

ನರ್ಸಕ್ಕ ಕೇಳಿದರು, "ಅಮ್ಮಾ, ಈ ಗದ್ದಲ ಮಾಡಿದ್ದು ಅಂಗಿಯಾ, ನೀವಾ?"

"ಅಂಗಿಗೆ ಬಾಯಿದೆಯಾ? ನಾನೇ."

"ಪುಟ್ಟಿಯ ಮೈಯಲ್ಲೂ ಹೀಗೇ. ಜೀವಕೋಶಗಳ ಒಳಗೆ ಕಾವಲಿನ ಪ್ರೋಟೀನುಗಳಿವೆ. ವೈರಸ್ಸು ತನ್ನ ಆರ್‌ಎನ್‌ಎ ಹೊತ್ತು ತರುತ್ತೆ. ನಮ್ಮಲ್ಲೂ ಆರ್‌ಎನ್‌ಎ ಇದೆ, ಆದ್ರೆ ಅದರ ಗುರುತೇ ಬೇರೆ. 'ಇದು ನಮ್ಮದಲ್ಲ' ಅಂತ ಗೊತ್ತಾದ ಕೂಡಲೇ ಆ ಪ್ರೋಟೀನುಗಳು ಅಕ್ಕಪಕ್ಕದ ಕೋಶಗಳನ್ನೆಲ್ಲ ಎಬ್ಬಿಸುತ್ವೆ. ಆ ಗದ್ದಲಕ್ಕೇ ಮೈ ಬಿಸಿಯಾಗೋದು. ಲಸಿಕೆಯಲ್ಲಿರೋದು ಬಲ ಕುಂದಿಸಿದ ದಡಾರದ ವೈರಸ್ಸು, ಅಷ್ಟೇ."

"ಒಂದ್ಸಲ ಗುರುತು ಹಿಡಿದಾಯ್ತಲ್ಲ. ಮತ್ತೆ ಯಾಕೆ ಚುಚ್ಚೋದು?" ಅಂದರು ಅತ್ತೆ.

"ಒಂದೇ ಸಲಕ್ಕೆ ಕೆಲವು ಮಕ್ಕಳ ಮೈಗೆ ದಡಾರದ ಗುರುತು ನೆನಪಲ್ಲಿ ಉಳಿಯಲ್ಲ, ಅದಕ್ಕೇ ಎರಡನೇದು. ನಿಜವಾದ ದಡಾರ ಭಾರಿ ಕಳ್ಳ. ಒಳಗೆ ನುಗ್ಗಿ ಕಾವಲಿನವರ ಬಾಯಿ ಕಟ್ಟುತ್ತೆ. ಅವರು ಕೂಗೋ ಹೊತ್ತಿಗೆ ಕಾಯಿಲೆ ಮೈಯೆಲ್ಲ ಹರಡಿರುತ್ತೆ."

ಸೊಸೆ ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿದಳು. "ಅತ್ತೆ, ಜ್ವರ ಬಂದ್ರೆ ನಾನು ನೋಡ್ಕೋತೀನಿ. ದಡಾರ ಬಂದ್ರೆ ನನ್ನ ಕೈಲಾಗಲ್ಲ."

ಅತ್ತೆ ಅವಳ ಮುಖವನ್ನೇ ನೋಡಿದರು. ಆಮೇಲೆ ಮೊಮ್ಮಗಳನ್ನು ಸೊಂಟಕ್ಕೇರಿಸಿ ಚಪ್ಪಲಿ ಮೆಟ್ಟಿದರು. "ನಡಿ, ಆರೋಗ್ಯ ಕೇಂದ್ರಕ್ಕೆ. ಪುಟ್ಟಿ ನನ್ನ ಮಡಿಲಲ್ಲೇ ಕೂರಲಿ. ಸೂಜಿ ನೋಡಿದ್ರೆ ನಿನಗೇ ತಲೆ ಸುತ್ತುತ್ತೆ."

ಓದುತ್ತಿರುವ ಅಮ್ಮಂದಿರೇ, ಅಪ್ಪಂದಿರೇ, ಹೋದ ಸಲ ಸ್ವಲ್ಪ ಜ್ವರ ಬಂದಿತ್ತೆಂದು ಮಗುವಿನ ಮುಂದಿನ ಲಸಿಕೆ ಬಿಡಬೇಡಿ. ಜ್ವರ ಬಂದರೆ ಏನು ಮಾಡಬೇಕೆಂದು ನರ್ಸನ್ನು ಮೊದಲೇ ಕೇಳಿಕೊಳ್ಳಿ. ಜ್ವರ ಏರುತ್ತಲೇ ಹೋದರೆ, ಫಿಟ್ಸ್ ಬಂದರೆ, ಮಗು ಮಂಕಾದರೆ ತಡಮಾಡದೆ ಡಾಕ್ಟರ ಬಳಿ ಕರೆದೊಯ್ಯಿರಿ. ಹೆದರಿಕೆಯಾಗುವುದು ಸಹಜ. ಹೆದರಿಕೆಯಾದರೂ ಮಗುವನ್ನು ಅಪ್ಪಿಕೊಂಡು ಹೊರಡಿ.